ಅಮ್ಮನ ಸೀಟು

ಕಳೆದ ದೀಪಾವಳಿ ಮುಗಿಸಿ ತೀರ್ಥಹಳ್ಳಿಯಿಂದ ಬೆಂಗಳೂರಿಗೆ ಬಂದ ರಾತ್ರಿ ಅಮ್ಮನಿಗೆ ಕಾರಿನಿಂದ ಇಳಿಯಲಿಕ್ಕೇ ಆಗಲಿಲ್ಲ. ನಮ್ಮದು ಹನ್ನೆರಡು ವರ್ಷದ ಹಳೇ ಸಣ್ಣ ಕಾರು. ಸೀಟು ನೆಲಕ್ಕೆ ಹತ್ತಿರ. ನಾನು ಎರಡೂ ಕೈ ಹಿಡಿದು ಎಳೆದೆ, ನನ್ನಾಕೆ ಹಿಂದಿನಿಂದ ಬೆನ್ನು ಕೊಟ್ಟಳು. "ಏನಿಲ್ಲ ಮಾರಾಯ, ಕಾಲು ಜೋಮು ಹಿಡಿದದೆ ಅಷ್ಟೆ" ಅಂತ ನಕ್ಕರು ಅಮ್ಮ. ಜೋಮು ಅಲ್ಲ, ಮಂಡಿ ಅಂತ ಮೂವರಿಗೂ ಗೊತ್ತಿತ್ತು...

ಮಾರನೇ ದಿನವೇ ತೀರ್ಮಾನವಾಯಿತು. ಎತ್ತರದ ಗಾಡಿ ಬೇಕು, ಎಸ್‌ಯುವಿ.

ಸಾಫ್ಟ್‌ವೇರ್‌ನವನ ಬುದ್ಧಿ ಎಲ್ಲಿ ಹೋಗುತ್ತೆ ಹೇಳಿ? ಎಕ್ಸೆಲ್ ಶೀಟ್ ತೆರೆದು ಕೂತೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ, ಅಂದ್ರೆ ವೀಲ್‌ಬೇಸ್, ಜಾಸ್ತಿ ಇದ್ದಷ್ಟೂ ಒಳಗೆ ಜಾಗ ಜಾಸ್ತಿ ಅಂತ ನನ್ನ ಲೆಕ್ಕ. ಕ್ರೆಟಾ 2610 ಮಿ.ಮೀ., 2021ರಲ್ಲಿ ಬಂದ ಸಫಾರಿ 2741, ಎಕ್ಸ್‌ಯುವಿ700 ಮತ್ತು ಸ್ಕಾರ್ಪಿಯೋ-ಎನ್ ಎರಡೂ 2750, ಆಲ್ಕಜಾರ್ 2760, ಇನ್ನೋವಾ ಹೈಕ್ರಾಸ್ 2850. ಶೀಟಿಗೆ ಬಣ್ಣ ಬೇರೆ ಬಳಿದೆ! ಆಮೇಲೆ ಹೊಳೆದದ್ದು: ಕ್ರೆಟಾದಲ್ಲಿ ಎರಡು ಸಾಲು, ಆಲ್ಕಜಾರ್‌ನಲ್ಲಿ ಮೂರು. ವೀಲ್‌ಬೇಸ್‌ನ ವ್ಯತ್ಯಾಸ ಬರೀ 150 ಮಿ.ಮೀ., ಒಂದು ಗೇಣೂ ಇಲ್ಲ. ಹಿಂದಿನ ಭಾಗ ಇನ್ನಷ್ಟು ಉದ್ದ ಮಾಡಿರ್ತಾರೆ, ಸರಿ. ಆದ್ರೂ ಮೂರನೇ ಸಾಲಿನ ಕಾಲುಗಳು ಎಲ್ಲಿಗೆ ಹೋಗಬೇಕು? ಸ್ಕಾರ್ಪಿಯೋ-ಎನ್ ಮತ್ತು ಎಕ್ಸ್‌ಯುವಿ700 ನೋಡಿ. ಒಂದೇ ವೀಲ್‌ಬೇಸ್. ಆದರೆ ಮೊದಲನೆಯದು ಲಾರಿಯ ಹಾಗೆ ಚಾಸಿ ಮೇಲೆ ಬಾಡಿ ಕೂರಿಸಿದ್ದು, ಎರಡನೆಯದು ಕಾರಿನ ಹಾಗೆ ಬಾಡಿಯೇ ಚಾಸಿ. ನನ್ನ ಶೀಟಿಗೆ ಅದು ಗೊತ್ತೇ ಇಲ್ಲ.

ಶನಿವಾರ ಅಮ್ಮನನ್ನೂ ಹೊರಡಿಸಿದೆ. "ನಂಗೆಂಥ ಗೊತ್ತಾಗ್ತದೆ, ನೀವೇ ನೋಡಿ ತಗೊಳ್ಳಿ" ಅಂದರು. ಬಿಡಲಿಲ್ಲ.

ಮೊದಲು ನೋಡಿದ್ದು ಚಾಸಿ ಮೇಲಿನ ಎತ್ತರದ ಗಾಡಿ. (ಹೆಸರು ಬೇಡ. ಆ ಕಂಪನಿಗೂ ನನಗೂ ಜಗಳ ಇಲ್ಲ!) ಸೇಲ್ಸ್ ಹುಡುಗ "ರೋಡ್ ಪ್ರೆಸೆನ್ಸ್ ನೋಡಿ ಸಾರ್" ಅಂತಿದ್ದ. ಅಮ್ಮ ಬಾಗಿಲ ಬಳಿ ಸುಮ್ಮನೆ ನಿಂತಿದ್ದರು. ಮೆಟ್ಟಿಲಿಗೆ ಕಾಲು ಏರುತ್ತಿರಲಿಲ್ಲ. ಸಣ್ಣ ಕಾರಲ್ಲಿ ಕುಕ್ಕರುಗಾಲಲ್ಲಿ ಇಳಿಯುವ ಕಷ್ಟ, ಇಲ್ಲಿ ಅಟ್ಟ ಹತ್ತುವ ಕಷ್ಟ. ಅಟ್ಟ ಹತ್ತಿ ಕೂತ ಮೇಲೂ ಸುಖ ಇಲ್ಲ. ಒಳಗಿನ ನೆಲ ಎತ್ತರ, ಅದಕ್ಕೆ ಹೋಲಿಸಿದರೆ ಸೀಟು ತಗ್ಗು. ಮಂಡಿ ಮೇಲೇಳುತ್ತೆ, ತೊಡೆ ಸೀಟಿಗೆ ತಾಗೋದಿಲ್ಲ. ಮಣೆ ಮೇಲೆ ಏಳು ಗಂಟೆ ಕೂತ ಹಾಗೆ.

ಎರಡನೇ ಕಡೆ ಅಮ್ಮ ಬಾಗಿಲಿಗೆ ಬೆನ್ನು ಹಾಕಿ, ಸುಮ್ಮನೆ ಕೂತು, ಕಾಲು ಒಳಗೆ ತಿರುಗಿಸಿಕೊಂಡರು. ಅಷ್ಟೇ! ಸೀಟಿನ ಎತ್ತರ ಹೆಚ್ಚೂಕಡಿಮೆ ಅವರ ಸೊಂಟಕ್ಕೆ ಸಮ ಇತ್ತು. ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ನನ್ನ ಎಕ್ಸೆಲ್‌ನಲ್ಲಿ ಆ ಕಾಲಂ ಇರಲೇ ಇಲ್ಲ.

ಆಮೇಲೆ ಆದದ್ದನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಹುಡುಗ ಮಧ್ಯದ ಸೀಟು ಮಡಚಿ ಮೂರನೇ ಸಾಲು ತೋರಿಸಿದ. ಅಮ್ಮ ಎದ್ದು ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಅದರೊಳಗೆ ನುಗ್ಗಲು ಹೊರಟರು.

"ಅಲ್ಲಿಗೆ ಯಾಕಮ್ಮ?"

"ನಂದು ಅಲ್ಲೇ ಅಲ್ವಾ?"

ಅವರ ದನಿಯಲ್ಲಿ ಬೇಸರ ಇರಲಿಲ್ಲ. ಕೇಳಿದ ನನಗೇ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

1998ರಲ್ಲಿ ಬಾಡಿಗೆ ಸುಮೋ ಮಾಡಿಕೊಂಡು ಆಗುಂಬೆ ಇಳಿದು ಉಡುಪಿ, ಧರ್ಮಸ್ಥಳಕ್ಕೆ ಹೋಗಿದ್ದೆವು. ಮುಂದೆ ಅಪ್ಪ ಮತ್ತು ದೊಡ್ಡಪ್ಪ, ಮಧ್ಯದಲ್ಲಿ ಅಜ್ಜಿ, ಅತ್ತೆ, ಕಿಟಕಿ ಬೇಕೆಂದು ಅತ್ತ ನಾನು. ಹಿಂದೆ, ಎದುರುಬದುರು ಅಡ್ಡ ಸೀಟಿನಲ್ಲಿ, ಬುತ್ತಿ ಡಬ್ಬಿ ಮತ್ತು ಲಗೇಜಿನ ಜೊತೆ ಅಮ್ಮ. ಘಾಟಿಯ ಉದ್ದಕ್ಕೂ ನಿಂಬೆಹಣ್ಣು ಮೂಸುತ್ತಾ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಅಣ್ಣ ಕ್ವಾಲಿಸ್ ತಗೊಂಡಾಗಲೂ ಅಮ್ಮ ಹಿಂದೆಯೇ. "ಅವಳಿಗೆ ಅಲ್ಲೇ ಹಿತ" ಅಂತ ಎಲ್ಲರೂ ಹೇಳ್ತಿದ್ದೆವು. ಯಾರೂ ಕೇಳಿರಲಿಲ್ಲ ಅನ್ನೋದು ಶೋರೂಮಿನ ಹೊಳೆಯುವ ನೆಲದ ಮೇಲೆ ನಿಂತಾಗ ಹೊಳೆಯಿತು.

ಟೆಸ್ಟ್ ಡ್ರೈವ್‌ಗೆ ನನ್ನಾಕೆಯ ಕೈಗೆ ಸ್ಟಿಯರಿಂಗ್ ಕೊಟ್ಟು ನಾನೇ ಮೂರನೇ ಸಾಲಿಗೆ ಹೋದೆ. ಸೀಟು ಹಿಂದಿನ ಚಕ್ರದ ಹತ್ತಿರಕ್ಕೇ ಬರುತ್ತೆ, ಆದ್ದರಿಂದ ಹೊಂಡದ ಏಟು ನೇರ ಬೆನ್ನಿಗೆ. ಮಂಡಿ ಎದೆಯ ಹತ್ತಿರ. ಕಿಟಕಿ ಸಣ್ಣದು, ಮುಂದಿನ ರಸ್ತೆ ಕಾಣೋದಿಲ್ಲ. ಕಣ್ಣಿಗೆ ಕಾಣದ ತಿರುವು ಹೊಟ್ಟೆಗೆ ಗೊತ್ತಾಗುತ್ತೆ, ವಾಕರಿಕೆ ಬರೋದೇ ಹಾಗೆ. ನಾಲ್ಕು ಕಿಲೋಮೀಟರಿಗೆ ನನಗೆ ಸಾಕಾಯಿತು. ಅಮ್ಮ ಇಪ್ಪತ್ತು ವರ್ಷದ ಮೇಲೆ ಕೂತಿದ್ದರು.

ಮೂರನೇ ಸಾಲು ಎತ್ತಿ ನಿಲ್ಲಿಸಿದರೆ ಹಿಂದೆ ಒಂದು ಅಕ್ಕಿ ಮೂಟೆಗೂ ಜಾಗ ಕಷ್ಟ ಅನ್ನೋದು ಬೇರೆ. ಊರಿಂದ ಬರುವಾಗ ತೆಂಗಿನಕಾಯಿ, ಹಲಸಿನಕಾಯಿ ಬಿಟ್ಟು ಬರಲಿಕ್ಕಾಗುತ್ತಾ?

ಕೊನೆಗೆ ತಗೊಂಡದ್ದು ಎರಡೇ ಸಾಲಿನದ್ದು. ಮೇಲೆ ಗಾಜಿನ ಚಾವಣಿ ಇಲ್ಲದ್ದು, ಯಾಕೆಂದರೆ ಅದರ ಚೌಕಟ್ಟು ತಲೆ ಮೇಲಿನ ಜಾಗ ತಿನ್ನುತ್ತೆ. ಹಿಂದೆ ಎಸಿ ಗಾಳಿ ಬರುವಂಥದ್ದು. ಎಲ್ಲರೂ ಒಟ್ಟಿಗೆ ಹೊರಟರೆ ಜಾಗ ಸಾಲೋದಿಲ್ಲ ಅಂತ ಅಣ್ಣನಿಗೆ ಅಸಮಾಧಾನ ಇದೆ. ನಿಜ, ಸಾಲೋದಿಲ್ಲ. ಆಗ ಎರಡು ಗಾಡಿ ಮಾಡ್ತೇವೆ.

ಕಳೆದ ತಿಂಗಳು ಅದರಲ್ಲಿ ಉಡುಪಿಗೆ ಹೋದೆವು. ಅಮ್ಮ ಮುಂದಿನ ಸೀಟಿನಲ್ಲಿ. ಮೊದಮೊದಲು ಮುಜುಗರ. "ನಿನ್ನ ಹೆಂಡತಿ ಕೂರ್ಲಿ" ಅಂತ ಶಿವಮೊಗ್ಗದವರೆಗೂ ಹೇಳಿದರು. ಆಗುಂಬೆ ಘಾಟಿ ಶುರುವಾದಾಗ ಅಭ್ಯಾಸಕ್ಕೆ ನಿಂಬೆಹಣ್ಣು ತೆಗೆದರು. ಎರಡು ತಿರುವು, ಮೂರು ತಿರುವು... ನಿಂಬೆಹಣ್ಣು ಮಡಿಲಲ್ಲೇ ಉಳಿಯಿತು. ಕೆಳಗೆ ಮಂಜು, ಹಸಿರು, ಎದುರಿಗೆ ಬಸ್ಸು ಹಾರನ್ ಮಾಡುತ್ತಾ ಮೇಲೆ ಬರ್ತಿತ್ತು.

"ಎಷ್ಟು ತಿರುವು ಇದಾವೋ ಇದ್ರಲ್ಲಿ?" ಅಂದರು.

"ಹದಿನಾಲ್ಕು ಅಮ್ಮ. ಎಷ್ಟು ಸಲ ಬಂದಿದೀಯ, ಗೊತ್ತಿಲ್ವಾ?"

"ಎಲ್ಲಿ ನೋಡಿದ್ದೆ ಮಾರಾಯ..." ಅಂತ ಹೇಳಿ ಮತ್ತೆ ಕಿಟಕಿ ಕಡೆ ತಿರುಗಿದರು.

ನೀವು ಗಾಡಿ ನೋಡಲಿಕ್ಕೆ ಹೊರಟಿದ್ದರೆ ಒಂದೇ ಮಾತು. ಮನೆಯ ಹಿರಿಯರನ್ನು ಕರ್ಕೊಂಡು ಹೋಗಿ, ಎಲ್ಲಿ ಕೂರ್ತೀರಿ ಅಂತ ಕೇಳಿ. "ನಂಗೆ ಎಲ್ಲಾದ್ರೂ ಆಗ್ತದೆ" ಅಂದರೆ ಇನ್ನೊಂದು ಸಲ ಕೇಳಿ.