ಉಪನಿಧಿ

ಧರ್ಮಶಾಸ್ತ್ರಕಾರರು ವ್ಯವಹಾರದ ಪ್ರಕರಣಗಳನ್ನು ವಿಂಗಡಿಸುವಾಗ, ಒಬ್ಬನು ನಂಬಿ ಮತ್ತೊಬ್ಬನ ವಶದಲ್ಲಿಟ್ಟ ಒಡವೆಯ ವಿಚಾರವನ್ನು ಪ್ರತ್ಯೇಕವಾಗಿಯೇ ನಿರೂಪಿಸಿದ್ದಾರೆ. ಎಣಿಸಿ ತೋರಿಸಿ ಒಪ್ಪಿಸಿದ ಪದಾರ್ಥವು ನಿಕ್ಷೇಪ. ಭರಣಿಯಲ್ಲಿಟ್ಟು ಮುಚ್ಚಿ, ಒಳಗೆ ಇಂಥದಿದೆಯೆಂದು ಹೇಳದೆ ಒಪ್ಪಿಸಿದ್ದು ಉಪನಿಧಿ. ಉಪನಿಧಿಯನ್ನು ಹೇಗೆ ಪಡೆದನೋ ಹಾಗೆಯೇ ಹಿಂದಿರುಗಿಸತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯ ವಿಧಿ. ಆ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣ ಪಟ್ಟಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವೆ, ಇದ್ದವನೆಂಬುದು ಕನ್ನಡಿಗರಿಗೆಲ್ಲ ಹೆಮ್ಮೆಯ ಸಂಗತಿಯಷ್ಟೆ. ಉಪನಿಧಿಯನ್ನಿಡುವ ಪಾತ್ರೆಗೆ ಮೂಲದಲ್ಲಿ ‘ವಾಸನ’ವೆಂಬ ಶಬ್ದವಿದೆ. ಪಾಠಶಾಲೆಯಲ್ಲಿ ಈ ಭಾಗವನ್ನು ಓದುವಾಗ ನಮ್ಮಲ್ಲೊಬ್ಬನು ಅದನ್ನು ‘ವಸನ’ವೆಂದು ಓದಿ, ಪೆಟ್ಟಿಗೆಯನ್ನು ಬಟ್ಟೆಯನ್ನಾಗಿ ಮಾಡಿಬಿಟ್ಟನು. ಗುರುಗಳು ನಕ್ಕು, “ಒಂದು ದೀರ್ಘ ತಪ್ಪಿದರೆ ಒಳಗಿದ್ದದ್ದು ಹೊರಗೆ ಬರುತ್ತದಪ್ಪಾ” ಎಂದರು. ಆ ಮಾತು ಹಾಸ್ಯಕ್ಕೆ ಆಡಿದ್ದಾದರೂ ಅದರಲ್ಲಿ ಎಷ್ಟು ಅರ್ಥವಿತ್ತೆಂಬುದು ನನಗೆ ನಿವೃತ್ತಿಯಾದ ಮೇಲೆ ತಿಳಿಯಿತು.

ಹೊರಗಿನಿಂದ ಪೊಟ್ಟಣಗಳು ಮನೆಗೆ ಬರುವುದು ಹೊಸ ಪದ್ಧತಿಯೇನೂ ಅಲ್ಲ. ನಾನು ಬಾಲಕನಾಗಿದ್ದಾಗ ಪುಸ್ತಕಗಳು ವಿ.ಪಿ. ಅಂಚೆಯಲ್ಲಿ ಬರುತ್ತಿದ್ದವು, ಅಂಚೆಯವನು ಬೀದಿಯ ತುದಿಯಿಂದಲೇ ಹೆಸರು ಹಿಡಿದು ಕೂಗಿ, ಕೊಡಬೇಕಾದ ಹಣವೆಷ್ಟೆಂಬುದನ್ನು ಹತ್ತು ಮನೆಗಳಿಗೆ ಸಾರುತ್ತಿದ್ದನು. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ ಮೊದಲಾದ ಅಂತರ್ಜಾಲದ ಅಂಗಡಿಗಳು ಮನೆಯ ಬಾಗಿಲಲ್ಲಿ ಹಣ ಪಡೆಯುವ ಕ್ರಮವನ್ನು ತಂದದ್ದು ಆ ವಿ.ಪಿ.ಯ ಮರುಹುಟ್ಟೆಂದೇ ಹೇಳಬೇಕು. ಈಗ ನಮ್ಮ ಘಟ್ಟದ ಊರುಗಳಿಗೂ ದಿನಕ್ಕೆರಡು ಸಲ ಚೀಲ ಹೊತ್ತ ಹುಡುಗರು ಬೈಕಿನಲ್ಲಿ ಬರುತ್ತಾರೆ.

ನಾನು ನಿವೃತ್ತನಾದ ಮರುವರ್ಷ ನನ್ನ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಆತನ ಹೆಸರನ್ನು ಹೇಳುವುದಿಲ್ಲ. ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಈ ಲೇಖನವನ್ನು ಸಂಪಾದಕರಿಗಿಂತ ಮೊದಲು ಓದಿ ಒಪ್ಪಿಗೆಯಿತ್ತವನು ಆತನೇ. ಮೂವತ್ತು ವಯಸ್ಸು ದಾಟಿದ್ದ, ಒಳ್ಳೆಯ ಉದ್ಯೋಗದಲ್ಲಿದ್ದ, ಅಣ್ಣಂದಿರೊಡನೆ ಕೂಡುಕುಟುಂಬದಲ್ಲಿ ವಾಸಿಸುತ್ತಿದ್ದ ಯುವಕ. ಬಹಳ ಹೊತ್ತು ಮಳೆ ಬೆಳೆಗಳ ಮಾತನ್ನಾಡಿ, ಹೊರಡುವಾಗ ಹೊಸ್ತಿಲಲ್ಲಿ ನಿಂತು, “ಮಾಸ್ತರೇ, ನನ್ನ ಹೆಸರಿಗೆ ಆಗಾಗ ಪಾರ್ಸಲು ಬರುವುದುಂಟು. ನಿಮ್ಮ ಮನೆಯ ವಿಳಾಸ ಕೊಡಲೇ?” ಎಂದು ಕೇಳಿದನು. ಒಳಗೇನಿರುತ್ತದೆಂದು ಆತನು ಹೇಳಲಿಲ್ಲ, ನಾನೂ ಕೇಳಲಿಲ್ಲ. “ಕೊಡು ತಮ್ಮಾ” ಎಂದೆನು.

ವಾಚಕರು ಇದರಲ್ಲೇನು ವಿಶೇಷವೆನ್ನಬಹುದು. ಆದರೆ ಇಂದಿನ ಪೊಟ್ಟಣವು ಹೊರಗಿನಿಂದ ನೋಡಲು ಮೂಕವಾಗಿದ್ದರೂ ಬಹಳ ಮಾತಾಡುವ ವಸ್ತುವೆಂಬುದನ್ನು ಕ್ರಮೇಣ ಕಂಡೆನು. ಅದರ ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಪಡೆಯುವವನ ಹೆಸರು, ವಿಳಾಸ, ಮೊಬೈಲು ಸಂಖ್ಯೆಗಳಿರುತ್ತವೆ. ಕೆಲವು ಅಂಗಡಿಗಳವರು ಬಿಲ್ಲನ್ನೂ ಹೊರಗೇ ಅಂಟಿಸಿ, ಪದಾರ್ಥವೇನು, ಬಣ್ಣವೇನು, ಅಳತೆಯೇನೆಂಬುದನ್ನೆಲ್ಲ ಅಚ್ಚು ಮಾಡಿರುತ್ತಾರೆ. ತಂದುಕೊಡುವವನು ಫೋನು ಮಾಡಿದಾಗ ಮನೆಯ ಮಕ್ಕಳು ಎತ್ತಿಕೊಳ್ಳಬಹುದು. ಹಣ ಸಂದಾಯವಾದ ಸಂದೇಶವು ಮೊಬೈಲಿನಲ್ಲಿ ಮಿನುಗುತ್ತದೆ. ಒಮ್ಮೆ ಒಂದು ಬಟ್ಟೆಯನ್ನು ನೋಡಿದರೆ ಸಾಕು, ಅಂಥವೇ ಹತ್ತು ಬಟ್ಟೆಗಳ ಜಾಹೀರಾತು, ಆ ಮೊಬೈಲನ್ನು ಯಾರು ಕೈಗೆ ತೆಗೆದುಕೊಂಡರೂ, ಅವರ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಕೂಡುಕುಟುಂಬದಲ್ಲಿ ಪೊಟ್ಟಣವೆಂದರೆ ಎಲ್ಲರ ಸೊತ್ತು; ಯಾರ ಹೆಸರಿದ್ದರೂ ಮೊದಲು ಕೈಗೆ ಸಿಕ್ಕವರು ಕತ್ತರಿ ಹಾಕುತ್ತಾರೆ.

ನಾಲ್ಕಾರು ಪೊಟ್ಟಣಗಳು ಬಂದ ಮೇಲೆ ನನ್ನ ಪತ್ನಿಯು ಒಂದು ಉಪಾಯವನ್ನು ಹೂಡಿದಳು. ನಮ್ಮ ಕೇರಿಯಲ್ಲಿ ಗಂಡಹೆಂಡಿರಿಬ್ಬರೂ ಉದ್ಯೋಗಕ್ಕೆ ಹೋಗುವ ಮನೆಗಳು ಹಲವಿವೆ. “ನಮ್ಮಲ್ಲಿ ಹಗಲೆಲ್ಲ ಬಾಗಿಲು ತೆಗೆದೇ ಇರುತ್ತದೆ, ನಿಮ್ಮ ಪಾರ್ಸಲುಗಳು ಇಲ್ಲಿಗೇ ಬರಲಿ” ಎಂದು ಅವಳು ಅವರಿಗೆಲ್ಲ ಹೇಳಿದಳು. ಒಂದು ತಿಂಗಳಲ್ಲಿ ನಮ್ಮ ಜಗಲಿಯ ಮೂಲೆಯು ಸಣ್ಣದೊಂದು ಅಂಚೆಮನೆಯಾಯಿತು. ಪರರ ಪೊಟ್ಟಣವೊಂದೇ ಮಾಸ್ತರರ ಮನೆಗೆ ಬಂದರೆ ಅದು ಸುದ್ದಿ. ಇಪ್ಪತ್ತು ಬಂದರೆ ಅದು ರೂಢಿ. ಗುಟ್ಟನ್ನು ಬೀಗ ಹಾಕಿ ಕಾಯುವುದಕ್ಕಿಂತ ಸಾಮಾನ್ಯದಲ್ಲಿ ಬೆರೆಸಿ ಕಾಯುವುದು ಲೇಸೆಂಬ ನೀತಿಯನ್ನು ನಾನು ಯಾವ ಶಾಸ್ತ್ರದಿಂದಲೂ ಕಲಿತವನಲ್ಲ, ಅವಳಿಂದ ಕಲಿತೆನು. ಆಗ ಒಳಗೇನಿದೆಯೆಂದು ಅವಳಿಗೂ ತಿಳಿದಿರಲಿಲ್ಲ. “ಹುಡುಗನ ಮುಖದಲ್ಲಿ ಅಂಜಿಕೆಯಿದೆ, ಅಷ್ಟು ಸಾಕು” ಎಂದಿದ್ದಳು.

ತಿಳಿದದ್ದು ಒಂದು ಆಷಾಢದಲ್ಲಿ. ಘಟ್ಟದ ಮೇಲಿನ ಮಳೆಯನ್ನು ಬಲ್ಲವರಿಗೆ ವಿವರಿಸಬೇಕಾದುದಿಲ್ಲ. ದಾರಿಯಲ್ಲೆಲ್ಲೋ ಹರಿದಿದ್ದ ಪೊಟ್ಟಣವೊಂದು ನೀರು ಕುಡಿದು ನಮ್ಮ ಬಾಗಿಲಿಗೆ ಬಂದಿತು. ಹರಿದ ಕಡೆಯಿಂದ ನೀಲಿಯ ಬಣ್ಣದ ಸೀರೆಯೊಂದರ ಅಂಚು ಹೊರಗೆ ಚಾಚಿತ್ತು. ನಾನು ಧರ್ಮಸಂಕಟಕ್ಕೆ ಸಿಕ್ಕಿದೆನು. ಬಿಚ್ಚಿದರೆ ಉಪನಿಧಿಯ ನಿಯಮಕ್ಕೆ ಭಂಗ. ಬಿಚ್ಚದಿದ್ದರೆ ಒಡವೆಯೇ ಹಾಳಾಗುತ್ತದೆ. ಶಾಸ್ತ್ರದಲ್ಲಿ ಇದಕ್ಕೆ ಏನು ನಿರ್ಣಯವೆಂದು ನಾನು ಗಟ್ಟಿಯಾಗಿಯೇ ಆಲೋಚಿಸುತ್ತಿರಲು ಪತ್ನಿಯು, “ಶಾಸ್ತ್ರ ಆಮೇಲೆ ನೋಡಿ, ಮೊದಲು ಸೀರೆ ಆರಲಿ. ಒದ್ದೆಯಾಗಿಯೇ ಇಟ್ಟರೆ ಬಣ್ಣ ಬಿಡುತ್ತದೆ” ಎಂದು ಪೊಟ್ಟಣವನ್ನು ಒಳಗೆ ಒಯ್ದಳು. ಸೀರೆಯೊಂದಿಗೆ ಸಿದ್ಧವಾದ ಕುಪ್ಪಸವೂ ಇತ್ತು. ಸೀರೆಯು ಹೊಲಿಗೆಯಿಲ್ಲದ ಐದೂವರೆ ಮೀಟರು ಬಟ್ಟೆ; ಅದು ಯಾರ ಅಳತೆಯನ್ನೂ ಹೇಳುವುದಿಲ್ಲ. ಕುಪ್ಪಸವು ಹೇಳುತ್ತದೆ. ಅವಳು ಅದನ್ನು ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಹರಡುತ್ತ, ಅದರ ಭುಜವನ್ನು ಒಂದು ಗಳಿಗೆ ನೋಡಿ, “ಇದು ಅವನದೇ ಅಳತೆ” ಎಂದಳು. ಮತ್ತೇನೂ ಹೇಳಲಿಲ್ಲ.

ಮೂರನೆಯ ದಿನ ಶಿಷ್ಯನು ಬಂದನು. ಪೊಟ್ಟಣಕ್ಕೆ ಹೊಸ ಕಾಗದವನ್ನು ಸುತ್ತಿರುವುದನ್ನು ಕಂಡ ಕೂಡಲೇ ಆತನ ಮುಖದ ಬಣ್ಣ ಇಳಿಯಿತು. ನಾನು ಏನು ಹೇಳಬೇಕೆಂದು ತೋಚದೆ ಕುಳಿತಿರಲು, ಪತ್ನಿಯು ಚಹಾದ ಲೋಟವನ್ನು ಆತನ ಮುಂದಿಟ್ಟು, “ಮಳೆಯಲ್ಲಿ ನೆನೆದಿತ್ತು, ಒಣಗಿಸಿದ್ದೇನೆ. ಸೆರಗಿಗೆ ಕುಚ್ಚು ಇರಲಿಲ್ಲ, ಕಟ್ಟಿದ್ದೇನೆ” ಎಂದಳು. ಅಷ್ಟೇ ಮಾತು. ಆತನು ಆ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ತಲೆಯೆತ್ತಲಿಲ್ಲ. ಬಳಿಕ ತಾನಾಗಿಯೇ ಹೇಳತೊಡಗಿದನು.

ಬಾಲ್ಯದಿಂದಲೂ ಆತನಿಗೆ ಹೆಂಗಸರ ಉಡುಗೆಯನ್ನು ಉಡುವ ಆಸೆ. ತಾನು ಗಂಡಸೇ ಎಂಬುದರಲ್ಲಿ ಆತನಿಗೆ ಸಂದೇಹವಿಲ್ಲ. ಹೆಂಗಸಾಗಿ ಬಾಳಬೇಕೆಂಬ ಹಂಬಲವೂ ಇಲ್ಲ. ಅಂಥ ಹಂಬಲವುಳ್ಳವರ ವಿಚಾರವೇ ಬೇರೆ, ಅವರ ಕಷ್ಟವೂ ಬೇರೆ ಎಂದು ಆತನೇ ವಿಂಗಡಿಸಿ ಹೇಳಿದನು. ತಿಂಗಳಿಗೊಮ್ಮೆಯೋ ಎರಡು ಸಲವೋ ಏಕಾಂತ ದೊರೆತಾಗ ಸೀರೆಯುಟ್ಟು ಒಂದೆರಡು ತಾಸು ಕುಳಿತು ಓದುವುದು, ಹಾಡು ಕೇಳುವುದು. ಮತ್ತೆ ಮಡಿಸಿಟ್ಟು ಲೋಕಕ್ಕೆ ಹಿಂದಿರುಗುವುದು. “ಆಗ ಮನಸ್ಸು ತಿಳಿಯಾಗುತ್ತದೆ ಮಾಸ್ತರೇ, ಕಾರಣ ನನಗೂ ಗೊತ್ತಿಲ್ಲ” ಎಂದನು. ಮೂರು ಸಲ ನಾಚಿಕೆಯಿಂದಲೂ ಭಯದಿಂದಲೂ ಇದ್ದುದನ್ನೆಲ್ಲ ಸುಟ್ಟು, ಇನ್ನು ಸಾಕೆಂದು ಆಣೆಯಿಟ್ಟುಕೊಂಡಿದ್ದನಂತೆ. ಮೂರು ಸಲವೂ ವರ್ಷ ತುಂಬುವುದರೊಳಗೆ ಆಸೆಯು ಮರಳಿತು. ಅಂಗಡಿಗೆ ಹೋಗಿ ಅಳತೆ ನೋಡುವಂತಿಲ್ಲ. ದರ್ಜಿಯ ಮುಂದೆ ನಿಲ್ಲುವಂತಿಲ್ಲ. ಅಂತರ್ಜಾಲದ ಅಂಗಡಿಗಳು ಬಂದಾಗ ಬಾಗಿಲೊಂದು ತೆರೆದಂತಾಯಿತು. ಆದರೆ ಮೊದಲನೆಯ ಪೊಟ್ಟಣವನ್ನೇ ಅಣ್ಣನ ಮಗನು ಎಲ್ಲರೆದುರು ಒಡೆದನು. ಇವನು ಥಟ್ಟನೆ, “ಅಕ್ಕನಿಗೆ ತರಿಸಿದ್ದು” ಎಂದನು. ಅಕ್ಕನಿಗೆ ಅಪಾರ ಸಂತೋಷವಾಯಿತು. ಈಗಲೂ ಪ್ರತಿ ಚೌತಿಗೆ ಅವಳು ಅದೇ ಸೀರೆಯನ್ನುಟ್ಟು ಬಂದು, “ನನ್ನ ತಮ್ಮ ಕೊಡಿಸಿದ್ದು” ಎಂದು ಹೇಳಿಕೊಳ್ಳುತ್ತಾಳೆ. ಇದನ್ನು ಹೇಳುವಾಗ ಆತನು ನಕ್ಕನು, ನಾವೂ ನಕ್ಕೆವು. ಆದರೆ ಆ ನಗೆಯ ಅಡಿಯಲ್ಲಿದ್ದ ದುಃಖವು ಮೂವರಿಗೂ ಕಾಣುತ್ತಿತ್ತು.

ಆ ರಾತ್ರಿ ನಾನು ಓದಿದ್ದನ್ನೆಲ್ಲ ಮಥಿಸಿದೆನು. ಪುರುಷನು ಸ್ತ್ರೀಯ ಪಾತ್ರವನ್ನು ಅಭಿನಯಿಸುವುದಕ್ಕೆ ನಾಟ್ಯಶಾಸ್ತ್ರದಲ್ಲಿ ರೂಪಾನುರೂಪವೆಂಬ ಹೆಸರೇ ಇದೆ. ಅರ್ಜುನನು ವಿರಾಟನಗರದಲ್ಲಿ ಬೃಹನ್ನಳೆಯಾಗಿ ವರ್ಷವನ್ನು ಕಳೆದನು. ತಿರುಮಲೆಯಲ್ಲಿ ಬ್ರಹ್ಮೋತ್ಸವದ ಐದನೆಯ ದಿನ ಸ್ವಾಮಿಗೆ ಮೋಹಿನಿಯ ಅಲಂಕಾರ, ಭಕ್ತರು ಕೈಮುಗಿಯುತ್ತಾರೆ. ಮರಾಠೀ ರಂಗಭೂಮಿಯ ಬಾಲಗಂಧರ್ವರು (1888–1967) ಸೀರೆಯುಡುವ ರೀತಿಯನ್ನು ಮನೆತನದ ಹೆಂಗಸರೇ ಅನುಕರಿಸಿದರು. ನಮ್ಮ ಯಕ್ಷಗಾನದ ಮಾತಂತೂ ಹೇಳಬೇಕೆ? ಕೊಳ್ಯೂರು ರಾಮಚಂದ್ರರಾಯರ, ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷಗಳು ನಾಡಿಗೆಲ್ಲ ಪ್ರಸಿದ್ಧ. ಚೌಕಿಯಲ್ಲಿ ಗಂಡಸೊಬ್ಬನು ಸೀರೆಯ ನೆರಿಗೆ ಹಿಡಿಯುವುದನ್ನು ನಾವು ಹುಡುಗರಾಗಿದ್ದಾಗ ಕುತೂಹಲದಿಂದ ನೋಡುತ್ತಿದ್ದೆವೇ ಹೊರತು ಯಾರೂ ಹೀಗಳೆಯುತ್ತಿರಲಿಲ್ಲ.

ಇವೆಲ್ಲವೂ ನನ್ನ ಶಿಷ್ಯನ ಸ್ಥಿತಿಗೆ ಸಮಾನವೆಂದು ನಾನು ವಾದಿಸುವುದಿಲ್ಲ. ಒಂದು ಕಲೆ, ಒಂದು ಅಜ್ಞಾತವಾಸ, ಒಂದು ಭಗವಲ್ಲೀಲೆ. ಈತನದು ಏಕಾಂತದ ನೆಮ್ಮದಿ. ಆದರೆ ಇಷ್ಟು ಮಾತ್ರ ಅವುಗಳಿಂದ ಸಿದ್ಧವಾಗುತ್ತದೆ: ಬಟ್ಟೆಯಲ್ಲಿ ದೋಷವಿಲ್ಲ, ಅದನ್ನುಟ್ಟ ಗಂಡಸಿನ ಮೈಗೂ ದೋಷ ತಟ್ಟುವುದಿಲ್ಲ. ಸಾವಿರ ಜನರ ಮುಂದೆ ಬೆಳಗಾಗುವವರೆಗೆ ಮೆರೆದರೆ ಚಪ್ಪಾಳೆ ತಟ್ಟುವ ಊರು, ಅದೇ ಸೀರೆಯು ಕಪಾಟಿನಲ್ಲಿ ಸಿಕ್ಕಿದರೆ ಮುಖ ತಿರುಗಿಸುವುದು ಯಾವ ನ್ಯಾಯ?

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯಿದೆ. ದೋಷವಿಲ್ಲವಾದರೆ ಮುಚ್ಚಿಡುವುದೇಕೆ? ಮುಚ್ಚಿಟ್ಟದ್ದೆಲ್ಲ ವಂಚನೆಯಲ್ಲವೆ? ಅಲ್ಲ. ಗುಹ್ಯವೇ ಬೇರೆ, ವಂಚನೆಯೇ ಬೇರೆ. ನಾವು ಸ್ನಾನ ಮಾಡುವಾಗ ಬಾಗಿಲು ಹಾಕಿಕೊಳ್ಳುವುದು ಪಾಪಕ್ಕಾಗಿಯಲ್ಲ. ಸಂಬಂಧಪಡದವರಿಗೆ ಹೇಳದಿರುವುದು ಗುಹ್ಯ; ಸಂಬಂಧಪಟ್ಟವರಿಂದ ಬಚ್ಚಿಟ್ಟು ಅವರ ನಿರ್ಧಾರವನ್ನು ಕೆಡಿಸುವುದು ವಂಚನೆ. ಈ ಭೇದದ ಪರೀಕ್ಷೆಯು ಬೇಗನೆ ಬಂದಿತು. ಮನೆಯವರು ಆತನಿಗೆ ಹೆಣ್ಣು ನೋಡಿದರು. ನನ್ನ ಅಭಿಪ್ರಾಯವನ್ನು ಕೇಳಿದಾಗ, “ಬೀದಿಗೆ ಹೇಳಬೇಡ, ಮನೆ ತುಂಬುವವಳಿಗೆ ಮೊದಲೇ ಹೇಳು” ಎಂದೆನು. ಹೀಗೆನ್ನುವುದು ನನಗೆ ಸುಲಭ, ಆತನಿಗೆ ದುಸ್ಸಾಧ್ಯವೆಂದು ಬಲ್ಲೆನು. ಆತನು ಹೇಳಿದನು. ಆ ಕನ್ಯೆಯು ಸಮಾಧಾನದಿಂದ ಕೇಳಿ, ತನಗೆ ಒಗ್ಗದೆಂದು ನೇರವಾಗಿಯೇ ತಿಳಿಸಿದಳು. ಹಿರಿಯರಿಗೆ, ಊರು ದೂರವಾಯಿತೆಂದು ಕಾರಣ ಕೊಟ್ಟಳು. ವರ್ಷಗಳು ಕಳೆದಿವೆ, ಆಕೆಯ ಕಡೆಯಿಂದ ಒಂದು ಅಕ್ಷರವೂ ಹೊರಬಿದ್ದಿಲ್ಲ. ಒಲ್ಲೆನೆಂದವಳೂ ಒಪ್ಪಿಸಿದ್ದನ್ನು ಕಾಯ್ದಳು. ಅವಳಿಗೆ ನಾನು ಮನಸ್ಸಿನಲ್ಲಿಯೇ ನಮಸ್ಕರಿಸುತ್ತೇನೆ. ಆತನು ಇನ್ನೂ ಅವಿವಾಹಿತ. ಆದರೆ ಆ ದಿನದಿಂದ ಆತನ ನಡೆಯಲ್ಲಿ ಮೊದಲಿನ ಕುಗ್ಗು ಇಲ್ಲ.

ಇನ್ನೊಬ್ಬನನ್ನೂ ಹೇಳಬೇಕು. ಅಳತೆ ಸರಿಹೋಗದೆ ಒಂದು ಕುಪ್ಪಸವನ್ನು ಹಿಂದಿರುಗಿಸಬೇಕಾಯಿತು. ಹಿಂದಕ್ಕೆ ಒಯ್ಯಲು ಬರುವವನು ಪದಾರ್ಥವನ್ನು ಬಿಚ್ಚಿ, ಬಣ್ಣ, ಅಳತೆ, ಚೀಟಿಗಳನ್ನು ಮೊಬೈಲಿನ ಚಿತ್ರದೊಡನೆ ತಾಳೆ ನೋಡಬೇಕೆಂಬುದು ಅವರ ನಿಯಮ. ಜಗಲಿಯ ಮೇಲೆ ನೆರೆಯವರಿಬ್ಬರು ಎಲೆಯಡಿಕೆ ಹಾಕುತ್ತ ಕುಳಿತಿದ್ದರು. ಬಂದ ಹುಡುಗನು ಮೊಬೈಲಿನಲ್ಲಿದ್ದ ಹೆಸರನ್ನು ನೋಡಿದನು, ಅವರನ್ನು ನೋಡಿದನು, “ಸ್ವಲ್ಪ ಒಳಗೆ ಬರಲೇ ಸರ್? ಇಲ್ಲಿ ಬಿಸಿಲಿಗೆ ಮೊಬೈಲು ಕಾಣುವುದಿಲ್ಲ” ಎಂದನು. ಆಕಾಶದಲ್ಲಿ ಮೋಡ ಕವಿದಿತ್ತು. ದಿನಕ್ಕೆ ನೂರು ಮನೆಗಳ ಗುಟ್ಟನ್ನು ಚೀಲದಲ್ಲಿ ಹೊತ್ತು ತಿರುಗುವ ಆ ಹುಡುಗನು ಯಾವ ಪಾಠಶಾಲೆಯಲ್ಲಿ ಮಿತಾಕ್ಷರೆಯನ್ನು ಓದಿದ್ದನು?

ನ್ಯಾಯಾಲಯಗಳೂ ಈ ವಿಚಾರದಲ್ಲಿ ಮೌನವಾಗಿಲ್ಲ. ತನ್ನ ಲಿಂಗಭಾವವನ್ನು ಉಡುಗೆ ತೊಡುಗೆಗಳಿಂದ ವ್ಯಕ್ತಪಡಿಸುವುದು ಅಭಿವ್ಯಕ್ತಿಸ್ವಾತಂತ್ರ್ಯದಲ್ಲಿ ಅಡಕವಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ಹೇಳಿತು. ಖಾಸಗಿ ಬದುಕಿನ ಹಕ್ಕು ಮೂಲಭೂತವಾದುದೆಂದು 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಒಮ್ಮತದಿಂದ ನಿರ್ಣಯಿಸಿತು. ಆ ವ್ಯಾಜ್ಯವನ್ನು ಹೂಡಿದವರು ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕಾನೂನು ಹೀಗೆ ಬಾಗಿಲಿಗೆ ಅಗಳಿಯನ್ನು ಕೊಟ್ಟಿದೆ. ಆದರೆ ಅಗಳಿಯನ್ನು ಹೊರಗಿನಿಂದ ಅಲುಗಿಸದಿರುವುದು ನೆರೆಹೊರೆಯವರ ಸೌಜನ್ಯಕ್ಕೆ ಬಿಟ್ಟದ್ದು.

ತನ್ನ ವಶದಲ್ಲಿಟ್ಟ ಒಡವೆಯನ್ನು ಸ್ವೇಚ್ಛೆಯಿಂದ ಉಪಯೋಗಿಸಿಕೊಂಡವನಿಗೆ ದಂಡ ವಿಧಿಸಿ, ಅದನ್ನು ಬಡ್ಡಿಯೊಡನೆ ಕೊಡಿಸಬೇಕೆಂದು ಸ್ಮೃತಿಯು ಹೇಳುತ್ತದೆ. ಪರರ ಗುಟ್ಟನ್ನು ಹರಟೆಗೆ ಒಗ್ಗರಣೆ ಮಾಡಿಕೊಳ್ಳುವವನೂ ಉಪನಿಧಿಯನ್ನು ಉಪಯೋಗಿಸಿಕೊಂಡವನೇ ಸರಿ. ನಮ್ಮ ಊರುಗಳಲ್ಲಿ ಅಂಥವರಿಗೆ ದಂಡ ವಿಧಿಸುವವರು ಯಾರೂ ಇಲ್ಲ, ಬದಲಾಗಿ ಚಹಾ ಕೊಟ್ಟು ಕೂರಿಸಿಕೊಳ್ಳುವವರಿದ್ದಾರೆ. ನನ್ನ ಪತ್ನಿಯಂತೂ ಯಾವ ದಂಡಕ್ಕೂ ಹೆದರಿ ಅಲ್ಲ, ತಾನಾಗಿಯೇ ಆ ಒಡವೆಯನ್ನು ಬಡ್ಡಿಯೊಡನೆ ಹಿಂದಿರುಗಿಸಿದಳು. ಆ ಬಡ್ಡಿಯು ಸೆರಗಿನ ತುದಿಯಲ್ಲಿ ಕುಚ್ಚಾಗಿತ್ತು. ವಿಜ್ಞಾನೇಶ್ವರನು ಇಂಥ ಪ್ರಸಂಗವನ್ನು ಕಂಡಿದ್ದರೆ ವ್ಯಾಖ್ಯಾನಕ್ಕೆ ಇನ್ನೊಂದು ವಾಕ್ಯವನ್ನು ಸೇರಿಸುತ್ತಿದ್ದನೆಂದು ನನ್ನ ನಂಬಿಕೆ.