ಗಣಕಯಂತ್ರದ ಓನಾಮ

ಹೆಸರು ತಿಳಿಯದ ವಸ್ತುವಿನೆದುರು ಮನುಷ್ಯನಿಗೆ ಒಂದು ಬಗೆಯ ಅಂಜಿಕೆ ಇದ್ದೇ ಇರುತ್ತದೆ. ಮೇಳಿ, ಈಸು, ಕುಳ ಎಂದು ನೇಗಿಲಿನ ಒಂದೊಂದು ಅಂಗವನ್ನೂ ಹೆಸರಿಟ್ಟು ಕರೆಯಬಲ್ಲ ನಮ್ಮ ತಂದೆಯವರು ಗಣಕಯಂತ್ರದ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಎರಡೆಕರೆ ಹೊಲದೊಂದಿಗೆ ಈ ಅಂಜಿಕೆಯೂ ನನಗೆ ಪಿತ್ರಾರ್ಜಿತವಾಗಿ ಬಂದಿತ್ತು. ಬಿ.ಎ. ತರಗತಿಗೂ ಗಣಕದ ಪಾಠವುಂಟೆಂದು ತಿಳಿದ ದಿನ, ಇತಿಹಾಸದ ಅರಸರೆಲ್ಲ ನನಗೆ ಆಪ್ತಬಂಧುಗಳಂತೆ ಕಂಡರು!

ಆದರೆ ಪರಿಚಯವಾದಂತೆಲ್ಲ ಆ ಹೊಸ ಶಬ್ದಗಳು ಹಳೆಯ ನೆಂಟರೆಂದು ತಿಳಿಯಿತು. 'ಕಂಪ್ಯೂಟರ್' ಎಂದರೆ ಹಿಂದೆ ಯಂತ್ರವಲ್ಲ, ಲೆಕ್ಕ ಹಾಕುವ ಮನುಷ್ಯ. ನಮ್ಮ 'ಗಣಕ'ನೂ ಮೊದಲು ಲೆಕ್ಕಿಗನೇ, ಜೋಯಿಸನೇ. 'ಮೌಸ್' ಎಂಬುದು ಬರಿಯ ಇಲಿ. ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ 1964ರಲ್ಲಿ ಮಾಡಿದ ಮೊದಲನೆಯ ಮೌಸು ಒಂದು ಮರದ ಪೆಟ್ಟಿಗೆ. ಅದಕ್ಕೆ ತಂತಿಯೇ ಬಾಲ. 'ಫೈಲ್' ಎಂಬುದಕ್ಕೆ ಕನ್ನಡದಲ್ಲಿ 'ಕಡತ' ಎನ್ನುತ್ತೇವೆ. ಕಡತವೆಂದರೆ ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಳಿದ, ಮಡಿಸಿಡುವ ಬಟ್ಟೆ. ಹಿಂದಿನ ವ್ಯಾಪಾರಿಗಳು ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು, ಬೇಡವಾದಾಗ ಅಳಿಸುತ್ತಿದ್ದರು. ಬರೆಯುವುದು, ಇಡುವುದು, ಅಳಿಸುವುದು: ಇಂದಿನ ಕಡತದ ಕೆಲಸವೂ ಇಷ್ಟೇ ಅಲ್ಲವೆ?

ಇನ್ನು ಅಂಗಗಳ ವಿಚಾರ. ಮೇಜಿನ ಕೆಳಗಿನ ಪೆಟ್ಟಿಗೆಯನ್ನೇ ಎಲ್ಲರೂ 'ಸಿ.ಪಿ.ಯು.' ಎನ್ನುವುದು ವಾಡಿಕೆ. ನಿಜವಾದ ಸಿ.ಪಿ.ಯು. ಅದರೊಳಗಿನ ಮದರ್‌ಬೋರ್ಡಿನ ಮೇಲೆ ಕುಳಿತಿರುವ ಒಂದು ಚಿಕ್ಕ ಬಿಲ್ಲೆ, ಲೆಕ್ಕವೆಲ್ಲ ಅಲ್ಲಿಯೇ. ರ‍್ಯಾಮ್ ಎಂಬುದು ಸ್ಲೇಟು, ಹಾರ್ಡ್ ಡಿಸ್ಕ್ ಎಂಬುದು ಪೆಟ್ಟಿಗೆ. ಕರೆಂಟು ಹೋದರೆ ಸ್ಲೇಟಿನ ಮೇಲಿನದೆಲ್ಲ ಅಳಿದುಹೋಗುತ್ತದೆ, ಪೆಟ್ಟಿಗೆಯಲ್ಲಿಟ್ಟದ್ದು ಉಳಿಯುತ್ತದೆ. 'ಸೇವ್' ಮಾಡುವುದೆಂದರೆ ಸ್ಲೇಟಿನದನ್ನು ಪೆಟ್ಟಿಗೆಗೆ ಸೇರಿಸುವುದು. ನಮ್ಮೂರಿನ ಕರೆಂಟನ್ನು ಕಂಡವರಿಗೆ ಈ ಶಬ್ದದ ಮಹಿಮೆಯನ್ನು ವಿವರಿಸಬೇಕಾಗಿಲ್ಲ!

ಗಣಕಕ್ಕೆ ತಿಳಿದಿರುವುದು ಸೊನ್ನೆ ಮತ್ತು ಒಂದು ಮಾತ್ರ. ಅಂಥದೊಂದು ಅಂಕೆ 'ಬಿಟ್'. 8 ಬಿಟ್ ಕೂಡಿದರೆ 1 'ಬೈಟ್'. ಈಗ ರೂಢಿಯಲ್ಲಿರುವ ಯು.ಟಿ.ಎಫ್.-8 ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ 'ಅ' ಬರೆಯಲು 3 ಬೇಕು. 'ಅವ್ವ' ಎಂದು ಬರೆದರೆ 12. ಸಹಿ ಹಾಕಲು ಬಾರದ ನನ್ನವ್ವನಿಗೆ ಇದನ್ನು ಹೇಳಿದಾಗ, "ನನ್ನ ಹೆಸರು ಅಷ್ಟು ಭಾರವೇನೋ?" ಎಂದು ನಕ್ಕಳು.

ಇದೆಲ್ಲ ಪರೀಕ್ಷೆಯ ಅಂಕಗಳಿಗೆ ಮಾತ್ರವೆಂದು ಯಾರೂ ತಿಳಿಯಬಾರದು. 'ಭೂಮಿ' ಯೋಜನೆಯಿಂದ ಈ ಶತಮಾನದ ಆರಂಭದಲ್ಲಿಯೇ ಕರ್ನಾಟಕದ ರೈತರ ಪಹಣಿಗಳು ಗಣಕಕ್ಕೆ ಸೇರಿದವು. ಹೊಲವಿರುವುದು ಊರಿನಲ್ಲಿ, ಹೊಲ ನಮ್ಮದೆಂಬ ಮಾತಿರುವುದು ಯಂತ್ರದಲ್ಲಿ. ತಂದೆಯವರು ಪಹಣಿಗೆಂದು ಹೋದಲ್ಲೆಲ್ಲ "ಸರ್ವರ್ ಇಲ್ಲ, ನಾಳೆ ಬಾ" ಎಂಬ ಉತ್ತರ ಕೇಳಿ, ಒಂದು ದಿನದ ಕೂಲಿ ಕಳೆದುಕೊಂಡು ಮರಳುತ್ತಿದ್ದರು. ಅವರಿಗೆ ತಿಳಿದ ಸರ್ವರ್ ಹೋಟೆಲಿನಲ್ಲಿ ದೋಸೆ ತಂದಿಡುವವನೊಬ್ಬನೇ. "ಅವನು ದಿನವೂ ರಜಾ ಹಾಕಿದರೆ ಹೇಗಪ್ಪಾ?" ಎಂದು ನನ್ನನ್ನು ಕೇಳಿದರು.

ಅವರ ಊಹೆ ಅಷ್ಟೇನೂ ದೂರವಿರಲಿಲ್ಲ. ಕೇಳಿದ್ದನ್ನು ಒಳಗಿನಿಂದ ತಂದುಕೊಡುವ ದೂರದ ಗಣಕವೇ ಸರ್ವರ್. ಅದಕ್ಕೂ ನಮಗೂ ನಡುವೆ ಇಂಟರ್ನೆಟ್ಟೆಂಬ ದಾರಿ. ಅಡಿಗೆಮನೆ ಮುಚ್ಚಿರಬಹುದು, ಇಲ್ಲವೆ ದಾರಿ ಕೆಟ್ಟಿರಬಹುದು ಎಂದು ವಿವರಿಸಿದೆ. ಮರುವಾರ ಅವರು, "ಸ್ವಾಮಿ, ಸರ್ವರೇ ಕೆಟ್ಟಿದೆಯೋ, ಇಲ್ಲಿಯ ಇಂಟರ್ನೆಟ್ಟು ಹೋಗಿದೆಯೋ?" ಎಂದು ಕೇಳಿದರಂತೆ. ಕುರ್ಚಿಯಲ್ಲಿದ್ದಾತ ಅಂದು ಮೊದಲ ಬಾರಿಗೆ ತಲೆಯೆತ್ತಿ ನೋಡಿ, "ಕೂತುಕೊಳ್ಳಿ" ಎಂದನಂತೆ. ಪಹಣಿ ಅಂದೇ ಸಿಕ್ಕಿತು.

ಮುಂದಿನ ವರ್ಷ ಈ ಪಾಠಕ್ಕೆ ಬರುವ ಸೋದರ ಸೋದರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಕಲಿತ ಶಬ್ದಗಳನ್ನು ಉತ್ತರಪತ್ರಿಕೆಯಲ್ಲಿಯೇ ಬಿಟ್ಟುಬರಬೇಡಿರಿ; ಒಂದೆರಡನ್ನಾದರೂ ಮನೆಗೆ ಕೊಂಡೊಯ್ಯಿರಿ.