ಬಾಯಿ ಕಂಡು ಗಾಳ

ಗಂಗೊಳ್ಳಿ ಬಂದರಿನ ಹಳೆಯ ಅಂಗಡಿಗಳಲ್ಲಿ ಒಂದು ಕಾಲಕ್ಕೆ ಬೆಲ್ಲದ ಡಬ್ಬಿ, ಹೊಗೆಸೊಪ್ಪಿನ ಕಟ್ಟುಗಳ ಪಕ್ಕದಲ್ಲೇ ಅಂಗೈಯಗಲದ ರಟ್ಟಿನ ಪೆಟ್ಟಿಗೆಗಳು ಸಾಲಾಗಿ ಕೂತಿರುತ್ತಿದ್ದವು. ಮೇಲೆ ಒಂದು ಕೀಲಿಕೈಯ ಚಿತ್ರ, ಊರಲ್ಲಿ ಯಾರಿಗೂ ಸರಿಯಾಗಿ ಓದಲು ಬಾರದ ಒಂದು ಹೆಸರು, ಒಂದು ನಂಬರು. ಒಳಗೆ ನೂರು ಗಾಳ. ನಾರ್ವೆಯ ಮುಸ್ತಾದ್ ಕಂಪನಿಯ ಮಾಲು ಅದು. 1832ರಲ್ಲಿ ಮೊಳೆ, ತಂತಿ ಮಾಡಿಕೊಂಡು ಶುರುವಾದ ಆ ಕಾರ್ಖಾನೆ 1877ರ ಹೊತ್ತಿಗೆ ಯಂತ್ರದಲ್ಲಿ ಗಾಳ ಮಾಡತೊಡಗಿತು. ಮುಂದೆ ಲೋಕದ ಬಹುಪಾಲು ಕಡಲತೀರಗಳಿಗೆ ಅದರ ಗಾಳವೇ ಹೋಯಿತು. ಗಂಗೊಳ್ಳಿಯವರಿಗೆ ಕಂಪನಿಯ ಹೆಸರು ಬೇಕಿರಲಿಲ್ಲ. ಕೀಲಿಕೈ ಗುರುತು ತೋರಿಸಿ ಕೇಳಿದರೆ ಸಾಕಿತ್ತು.

ಅದಕ್ಕೂ ಹಿಂದೆ ತೊರಕೆ, ತಾಟೆಯಂಥ ದೊಡ್ಡ ಮೀನಿಗೆ ಕಮ್ಮಾರನೇ ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಗಾಳ ಬಗ್ಗಿಸಿ ಕೊಡುತ್ತಿದ್ದ. ಹತ್ತಿಯ ಹಗ್ಗವನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ ಒಣಗಿಸಿ ಬಳಸುತ್ತಿದ್ದರು, ಉಪ್ಪುನೀರಿಗೆ ಕೊಳೆಯದಿರಲಿ ಎಂದು. ನೈಲಾನ್ ನೂಲು ಬಂದ ಮೇಲೆ ಆ ಕಷಾಯದ ಹಂಡೆಗಳು ಒಲೆ ಇಳಿದವು. ಈಗ ಎಪ್ಪತ್ತು ದಾಟಿರುವ ಗಾಳದವರಿಗೂ ಹಂಡೆಯ ನೆನಪಿರುವುದು ಅಜ್ಜನ ಕಾಲದ್ದಾಗಿ ಮಾತ್ರ.

ಅಂಥ ಹಿರಿಯರೊಬ್ಬರು ಪಂಚಗಂಗಾವಳಿಯ ಅಳಿವೆಯಲ್ಲೇ ಬೆಳೆದವರು. ಸೌಪರ್ಣಿಕಾ, ಚಕ್ರಾ, ವಾರಾಹಿಗಳೆಲ್ಲ ಒಟ್ಟಾಗಿ ಕಡಲು ಸೇರುವ ಆ ಜಾಗದಲ್ಲಿ ಸಣ್ಣ ದೋಣಿಯಲ್ಲಿ ಗಾಳ ಹಾಕಿಯೇ ಮನೆ ನಡೆಸಿದವರು. ಹೊಸಬರು ಬಂದು ‘ಅಂಜಲಿಗೆ ಎಷ್ಟು ನಂಬರಿಂದು?’ ಎಂದು ಕೇಳಿದರೆ ಅವರು ನೇರ ಉತ್ತರ ಕೊಡುತ್ತಿರಲಿಲ್ಲ. "ಮೀನಿನ ಮೈ ಕಾಂಬುದಲ್ಲ, ಬಾಯಿ ಕಾಣ್ಕ್" ಎನ್ನುತ್ತಿದ್ದರು. ಗಾಳ ಆರಿಸುವ ವಿದ್ಯೆಯೆಲ್ಲ ಆ ಮಾತಿನಲ್ಲಿದೆ ಎಂದರೆ ತಪ್ಪಲ್ಲ.

ಕಾಣೆ ಮೀನನ್ನೇ ನೋಡಿ. ಗೇಣುದ್ದ ಬೆಳೆದ ಕಾಣೆಗೂ ಬಾಯಿ ಮಾತ್ರ ಪುಟ್ಟದು, ಮರಳಿನಲ್ಲಿ ಹುಳ ಹುಪ್ಪಟೆ ಕೆದಕಿ ಹೀರುವ ಬಾಯಿ. ಅದಕ್ಕೆ ತೆಳು ತಂತಿಯ, ಉದ್ದ ಕಾಲಿನ, ಸಣ್ಣ ಗಾಳವೇ ಆಗಬೇಕು. ಕಾಲು ಎಂದರೆ ನೂಲು ಕಟ್ಟುವ ನೇರ ಭಾಗ; ಅದು ಉದ್ದವಿದ್ದರೆ ನುಂಗಿದ ಗಾಳ ಬಿಡಿಸುವುದೂ ಸುಲಭ. ಅಂಜಲಿನದು ಬೇರೆ ಕತೆ. ಅದರ ಹಲ್ಲು ನೈಲಾನ್ ನೂಲನ್ನು ಒಂದೇ ಕಡಿತಕ್ಕೆ ತುಂಡರಿಸುತ್ತದೆ. ಹಾಗಾಗಿ ಗಾಳ ಎಷ್ಟು ಗಟ್ಟಿ ಎಂಬುದಕ್ಕಿಂತ ಗಾಳಕ್ಕೂ ನೂಲಿಗೂ ನಡುವೆ ಒಂದು ಮೊಳ ತಂತಿ ಇದೆಯೇ ಎಂಬುದೇ ಮುಖ್ಯ. ಮುರು ಮೀನು ಕಚ್ಚುವುದಿಲ್ಲ, ದೊಡ್ಡ ಬಾಯಿ ತೆರೆದು ನೀರಿನೊಂದಿಗೆ ಎರೆಯನ್ನು ಒಳಗೆಳೆದುಕೊಂಡು ಮರುಕ್ಷಣವೇ ಕಲ್ಲಿನ ಬಿಲಕ್ಕೆ ನುಗ್ಗುತ್ತದೆ. ಅಲ್ಲಿ ತೆಳು ಗಾಳ ಹಾಕಿದವನಿಗೆ ನೆಟ್ಟಗಾದ ತಂತಿಯೊಂದು ವಾಪಸು ಬರುತ್ತದೆ, ಅಷ್ಟೇ.

ಎರೆಯ ಲೆಕ್ಕ ಇನ್ನೂ ಸೂಕ್ಷ್ಮ. ಗಾಳದ ಮೊನೆಗೂ ಕಾಲಿಗೂ ನಡುವೆ ಇರುವ ಸಂದನ್ನು ಎರೆಯಿಂದಲೇ ತುಂಬಿಬಿಟ್ಟರೆ ಮೊನೆಗೆ ಮೀನಿನ ಬಾಯಿಗೆ ನಾಟಲು ಜಾಗವೇ ಉಳಿಯುವುದಿಲ್ಲ. ಬಂಗುಡೆಯ ದಪ್ಪ ತುಂಡು ಸಿಕ್ಕಿಸುವವನಿಗೆ ಅಗಲ ಸಂದಿನ ಗಾಳ ಬೇಕು. ಜೀವಂತ ಸಿಗಡಿ ಕಟ್ಟುವವನಿಗೆ ತೆಳು ಗಾಳ ಬೇಕು. ದಪ್ಪ ಗಾಳ ಚುಚ್ಚಿದರೆ ಸಿಗಡಿ ಸಾಯುತ್ತದೆ, ಸತ್ತ ಸಿಗಡಿಯನ್ನು ಅಳಿವೆಯ ದೊಡ್ಡ ಮೀನು ಮೂಸಿ ಬಿಟ್ಟುಬಿಡುತ್ತದೆ. ಪೆಟ್ಟಿಗೆಯಿಂದ ತೆಗೆದ ಪ್ರತಿಯೊಂದು ಗಾಳವನ್ನೂ ಆ ಹಿರಿಯರು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಎಳೆದು ನೋಡುತ್ತಿದ್ದರು. ಮೊನೆ ಉಗುರಿಗೆ ಕಚ್ಚಿ ನಿಂತರೆ ಸರಿ, ಜಾರಿದರೆ ಸಾಣೆಗೆ. ಅವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ಸಣ್ಣ ಸಣ್ಣ ಬಿಳಿ ಗೀರುಗಳಿರುತ್ತಿದ್ದವು.

ನಂಬರಿನ ಗೋಜಲು ಆಮೇಲೆ ಬಂದದ್ದು. ಒಂದೇ ಕಂಪನಿಯ ಮಾಲು ಇದ್ದಾಗ ಅದು ಯಾರನ್ನೂ ಕಾಡಿರಲಿಲ್ಲ. 1ರಿಂದ ಮೇಲಕ್ಕೆ ಹೋದಂತೆ ಗಾಳ ಸಣ್ಣದಾಗುತ್ತದೆ. 6ಕ್ಕಿಂತ 12 ಸಣ್ಣದು. ನಂಬರಿನ ಮುಂದೆ ಗೆರೆ ಎಳೆದು ಸೊನ್ನೆ ಹಾಕಿದ್ದರೆ ಲೆಕ್ಕ ತಿರುವುಮುರುವು. 1/0ಕ್ಕಿಂತ 5/0 ದೊಡ್ಡದು, 10/0 ಅದಕ್ಕೂ ದೊಡ್ಡದು. ಇಷ್ಟು ಕಲಿತರೆ ಸಾಕು ಎನ್ನುವ ಹೊತ್ತಿಗೆ ಚೀನಾ, ಕೊರಿಯಾ, ಜಪಾನಿನ ಪ್ಯಾಕೆಟ್ಟುಗಳು ಅಂಗಡಿಗೆ ಬಂದವು. ಒಬ್ಬರ 4/0 ಇನ್ನೊಬ್ಬರ 2/0ಗೆ ಸಮ. ನಂಬರು ನಂಬಿ ಕೊಂಡವರು ಮೋಸ ಹೋದರು, ಕೈಯಲ್ಲಿ ಹಿಡಿದು ಸಂದು ಅಳೆದವರು ಬಚಾವಾದರು.

ಗಾಳದ ಕಸುಬು ಬದಲಾದದ್ದು ಗಾಳದಿಂದಲ್ಲ, ಬಲೆಯಿಂದ. ಟ್ರಾಲ್ ಬೋಟುಗಳು ಬಂದು ಕಡಲಿನ ತಳ ಗುಡಿಸತೊಡಗಿದವು. 1970ರ ದಶಕದ ನಡುವಿಗೆ ಪರ್ಸೀನ್ ಬಲೆ ಬಂತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ದಿನವಿಡೀ ಗಾಳ ಹಾಕಿ ಒಂದು ಬುಟ್ಟಿ ಮೀನು ತರುವುದಕ್ಕಿಂತ ಬೋಟಿನಲ್ಲಿ ಪಾಲಿಗೆ ಹೋಗುವುದೇ ಮೇಲೆಂದು ಹರೆಯದವರು ಹೊರಟರು. ಅವರನ್ನು ದೂರುವಂತಿಲ್ಲ, ಮನೆಯಲ್ಲಿ ಒಲೆ ಉರಿಯಬೇಕಲ್ಲ. ಆದರೂ ಗಾಳ ಪೂರ್ತಿ ಸಾಯಲಿಲ್ಲ. ಟ್ರಾಲ್ ಬಲೆ ಕಲ್ಲಿನ ಮೇಲೆ ಓಡುವುದಿಲ್ಲ, ಓಡಿಸಿದರೆ ಚಿಂದಿ. ಮುರು, ಕೆಂಬೇರಿಗಳು ಇರುವುದು ಕಲ್ಲಿನ ಬುಡದಲ್ಲಿ. ಮುರ್ಡೇಶ್ವರದಾಚೆ ನೇತ್ರಾಣಿಯ ಸುತ್ತಲಿನಂಥ ಕಲ್ಲುತಳದಲ್ಲಿ ಇವತ್ತಿಗೂ ಗಾಳಕ್ಕೆ ಸರಿಸಾಟಿ ಬೇರೆ ಇಲ್ಲ.

ಆಳ ಕಡಲಿನ ಗಾಳದ ವಿದ್ಯೆಯನ್ನು ಪಶ್ಚಿಮ ಕರಾವಳಿಯ ಉದ್ದಕ್ಕೂ ಬೆಳೆಸಿದವರು ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಮತ್ತು ಸುತ್ತಲಿನ ಊರುಗಳವರು. ವಾರಗಟ್ಟಲೆ ಕಡಲಲ್ಲೇ ಇದ್ದು ತಾಟೆ, ಕೇದರ್ ಹಿಡಿಯುವ ಅವರ ಬೋಟುಗಳು ಕೊಚ್ಚಿ, ಮಂಗಳೂರು ಬಂದರುಗಳಿಗೂ ಬಂದು ಮೀನು ಇಳಿಸುತ್ತವೆ. ಅವರ ಉದ್ದನೆಯ ಮೂಲಹಗ್ಗಕ್ಕೆ ನೂರಾರು ಕವಲು ನೂಲು, ಒಂದೊಂದು ಕವಲಿಗೆ ಒಂದು ಗಾಳ. ದಕ್ಕೆಯಲ್ಲಿ ಕೂತು ಆ ಗಾಳಗಳನ್ನು ಒಂದಕ್ಕೊಂದು ತೊಡರದಂತೆ ಬುಟ್ಟಿಯ ಅಂಚಿಗೆ ಸಿಕ್ಕಿಸುತ್ತ ಹೋಗುವ ಅವರ ಕೈಚಳಕವನ್ನು ನಮ್ಮ ಕಡೆಯ ಗಾಳದವರು ನಿಂತು ನೋಡುತ್ತಿದ್ದರು. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಅತಿ ಹೆಚ್ಚು ಪೆಟ್ಟು ಬಿದ್ದದ್ದೂ ಇದೇ ಜನಕ್ಕೆ. ದೂರ ಕಡಲಲ್ಲಿದ್ದ ಅವರಿಗೆ ಸುದ್ದಿ ಮುಟ್ಟಲಿಲ್ಲ. ಹಲವರು ಮರಳಲೇ ಇಲ್ಲ; ಕೆಲವು ಬೋಟುಗಳು ಮಹಾರಾಷ್ಟ್ರದ ದೇವಗಡದವರೆಗೆ ಹೋಗಿ ದಡ ಕಂಡವು.

ಬೊಂಡಾಸಿನ, ಅಂದರೆ ಸ್ಕ್ವಿಡ್‌ನ, ಗಾಳವಂತೂ ನೋಡಿದವರನ್ನೆಲ್ಲ ಬೆರಗುಗೊಳಿಸುವ ವಸ್ತು. ಅದಕ್ಕೆ ಮೊನೆಯ ಹಿಂದೆ ಇರುವ ಹಿಮ್ಮುಳ್ಳೇ ಇಲ್ಲ. ಸಿಗಡಿಯಂತೆ ಕಾಣುವ ಬಣ್ಣದ ತುಂಡಿನ ಬಾಲಕ್ಕೆ ಸುತ್ತಲೂ ಮೇಲ್ಮುಖವಾಗಿ ಬಾಗಿದ ಸೂಜಿಗಳು. ಬೊಂಡಾಸು ಬಾಯಿ ಹಾಕುವ ಮೊದಲು ತೋಳುಗಳಿಂದ ತಬ್ಬಿಕೊಳ್ಳುತ್ತದೆ, ತಬ್ಬಿದೊಡನೆ ಸೂಜಿಗಳು ತೋಳಿಗೆ ನಾಟುತ್ತವೆ. ನೂಲು ಒಂದು ಚಣ ಸಡಿಲವಾದರೂ ಅದು ಕಳಚಿಕೊಂಡು ಹೋಯಿತು. ಬಾಯಿ ಕಾಣಬೇಕು ಎಂದ ಹಿರಿಯರ ಲೆಕ್ಕ ಇಲ್ಲಿ ತೋಳಿಗೆ ಬರುತ್ತದೆ.

ಇನ್ನು ದುಂಡು ಗಾಳ. ಅದರ ಮೊನೆ ಒಳಗೆ ಕಾಲಿನ ಕಡೆಗೆ ತಿರುಗಿರುತ್ತದೆ. ನೋಡಿದವರು ಇದಕ್ಕೆ ಮೀನು ಸಿಗುವುದುಂಟೇ ಎಂದೇ ಕೇಳುವುದು. ಪೆಸಿಫಿಕ್ ಸಾಗರದ ಮೂಲನಿವಾಸಿಗಳು ಎಲುಬು, ಚಿಪ್ಪುಗಳಿಂದ ಇದೇ ಆಕಾರದ ಗಾಳ ಮಾಡುತ್ತಿದ್ದರು. ಉತ್ತರ ಪೆಸಿಫಿಕ್‌ನಲ್ಲಿ ಹ್ಯಾಲಿಬಟ್ ಹಿಡಿಯುವವರು 1980ರ ದಶಕದ ಮೊದಲಲ್ಲಿ ಈ ಗಾಳಕ್ಕೆ ಬದಲಾದಾಗ ಹಿಡಿತ ಕಡಿಮೆಯಾಗಲಿಲ್ಲ, ಹೆಚ್ಚಿತು. 2004ರಲ್ಲಿ ಅಮೆರಿಕ ತನ್ನ ಅಟ್ಲಾಂಟಿಕ್ ತೀರದ ಉದ್ದಹಗ್ಗದ ಬೋಟುಗಳಿಗೆ 16/0, 18/0 ದುಂಡು ಗಾಳವನ್ನೇ ಕಡ್ಡಾಯ ಮಾಡಿತು. ಕಾರಣ ಕಡಲಾಮೆ. ಮಾಮೂಲು ಗಾಳವನ್ನು ಆಮೆ ನುಂಗಿದರೆ ಅದು ಗಂಟಲಿಗೋ ಹೊಟ್ಟೆಗೋ ನಾಟುತ್ತದೆ. ದುಂಡು ಗಾಳ ಒಳಗಿಂದ ಜಾರಿ ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ಕೂರುತ್ತದೆ, ಬಿಡಿಸಿ ಜೀವಂತ ಕಳಿಸಬಹುದು. ಹೊನ್ನಾವರದ ಕಾಸರಕೋಡಿನ ಮರಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಆಮೆಗಳನ್ನು ಕಂಡ ಊರಿಗೆ ಇದು ದೂರದ ಮಾತಲ್ಲ.

ದುಂಡು ಗಾಳ ಇಲ್ಲಿಗೆ ಬಂದಾಗ ತೊಡಕಿದ್ದದ್ದು ಕೈಯ ಅಭ್ಯಾಸದಲ್ಲಿ. ಮೀನು ಮುಟ್ಟಿದೊಡನೆ ಗಕ್ಕನೆ ಜಗ್ಗುವುದು ಗಾಳದವನ ರಕ್ತದಲ್ಲೇ ಬಂದ ಗುಣ. ದುಂಡು ಗಾಳಕ್ಕೆ ಹಾಗೆ ಜಗ್ಗಿದರೆ ಅದು ಬಾಯಿಂದ ಹೊರಗೇ ಬಂದುಬಿಡುತ್ತದೆ. ಮೀನು ನುಂಗಿ ತಿರುಗಿ ಹೊರಡಲಿ ಎಂದು ಬಿಟ್ಟು, ನೂಲು ಬಿಗಿಯಾದ ಮೇಲೆ ನಿಧಾನಕ್ಕೆ ಸೆಳೆದುಕೊಳ್ಳಬೇಕು. "ಎಳೂಕಾಗ ಅಂದ್ರ್ ಮೀನ್ ಬಪ್ಪುದ್ ಹ್ಯಾಂಗೆ?" ಎಂದು ಮೊದಮೊದಲು ಸಿಟ್ಟಾದ ಅದೇ ಹಿರಿಯರು, ಬಾಯಿಯ ಮೂಲೆಯಲ್ಲೇ ಗಾಳ ಕೂತ ಕೆಂಬೇರಿಯೊಂದನ್ನು ದೋಣಿಗೆ ಎಳೆದುಕೊಂಡ ದಿನ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮಾರನೆಯ ದಿನದಿಂದ ಅವರ ಕಲ್ಲುಮೀನಿನ ನೂಲಿಗೆ ದುಂಡು ಗಾಳವೇ.

ಈಗ ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ಬೋಟುಗಳು ದಡದಲ್ಲಿ ಕಟ್ಟಿರುವ 61 ದಿನ, ಅಳಿವೆ ದಡದ ಕೋಡಿಯ ತಡೆಗೋಡೆಯ ಮೇಲೆ ರಾಡ್ ಹಿಡಿದ ಹುಡುಗರು ತುಂಬಿರುತ್ತಾರೆ. ಬೆಂಗಳೂರಿನಿಂದ ಬಂದವರೂ ಇರುತ್ತಾರೆ. ಅವರ ಉಮೇದು ನೋಡಿದರೆ ಸಂತೋಷವಾಗುತ್ತದೆ. ಗಾಳ ಹಿಡಿಯುವ ಕೈಗಳು ಊರಲ್ಲಿ ಕಡಿಮೆಯಾದ ಹೊತ್ತಿಗೆ ಹೊಸ ಕೈಗಳು ಬಂದಿವೆ. ಆದರೆ ಅಲ್ಲಿ ಹಾಕುವ ಬಹುಪಾಲು ಗಾಳ ತೀರ ಸಣ್ಣವು. ಏನಾದರೂ ಸಿಗಲಿ ಎಂಬ ಆಸೆಯ ಗಾಳಕ್ಕೆ ಬೆರಳುದ್ದದ ಮರಿಗಳೇ ನುಂಗಿ ಬರುತ್ತವೆ, ಬಿಡಿಸುವಾಗ ಕಿವಿರು ಹರಿದು ಸಾಯುತ್ತವೆ. ತುಕ್ಕು ಹಿಡಿಯದ ಸ್ಟೀಲ್ ಗಾಳ ಬಾಳಿಕೆ ಬರುತ್ತದೆ ನಿಜ, ನೂಲು ತುಂಡಾದರೆ ಅದು ಮೀನಿನ ಬಾಯಲ್ಲೂ ಹಾಗೇ ಬಾಳಿಕೆ ಬರುತ್ತದೆ.

ಈ ಮಳೆಗಾಲಕ್ಕೆ ಗಾಳ ಕೊಳ್ಳಲು ಹೋಗುವವರು ಅಂಗಡಿಯವನಿಗೆ ನಂಬರು ಹೇಳುವ ಬದಲು ಯಾವ ಎರೆ, ಯಾವ ತಳ, ಯಾವ ಮೀನು ಎಂದು ಹೇಳಿ, ಗಾಳವನ್ನು ಕೈಗೆ ತೆಗೆದುಕೊಂಡು ನೋಡಿ ಕೊಳ್ಳಿ. ಅನುಮಾನವಿದ್ದರೆ ಒಂದು ಅಳತೆ ದೊಡ್ಡದನ್ನೇ ಆರಿಸಿ. ಮೀನು ಬಿಟ್ಟುಬಿಡುವ ಮನಸ್ಸಿದ್ದವರು ಇಕ್ಕಳದಲ್ಲಿ ಹಿಮ್ಮುಳ್ಳನ್ನು ಒತ್ತಿ ಮಟ್ಟ ಮಾಡಿಕೊಳ್ಳಿ. ತುಂಡಾದ ನೂಲನ್ನು ಕಲ್ಲಿನ ಮೇಲೆ ಬಿಟ್ಟು ಬರಬೇಡಿ, ಅಲೆ ಏರಿದ ದಿನ ಆ ಕಲ್ಲಿನ ಮೇಲೆ ನೀವೂ ನಿಲ್ಲಬೇಡಿ.